ಮಕಮಲ್ಲಿನ ಕರಡಿ

"ಎರಡನೇ ಸಲ ಕೇಳಾಕತ್ತೀನವ್ವಾ. ಅಂವ ಯಾಕ ಬ್ಯಾಡ ನಿನಗ?"

ಕುಲದ ಹಿರಿಯ ಅಯ್ಯಣ್ಣ ಬಾಯಲ್ಲಿದ್ದ ಎಲೆಯಡಿಕೆಯನ್ನು ಪಕ್ಕಕ್ಕೆ ಉಗುಳಿ ಜಂಬಮ್ಮನ ಮುಖ ನೋಡಿದ. ದೇವದುರ್ಗದಲ್ಲಿ ಅವನ ಮನೆಯ ಮುಂದಿನ ಕಟ್ಟೆಯ ಮೇಲೆ ಐದು ಮಂದಿ ಕೂತಿದ್ದರು. ಕೆಳಗೆ ಒಂದು ಕಡೆ ಜಂಬಮ್ಮನ ತಂದೆ ಮುದುಕಪ್ಪ, ಮಾನವಿಯಿಂದ ಮಗಳ ಸಲುವಾಗಿ ಬಂದವನು. ಇನ್ನೊಂದು ಕಡೆ ಅವಳ ಗಂಡ ಗಡಿಗೆಪ್ಪ, ತಲೆ ಕೆಳಗೆ ಹಾಕಿಕೊಂಡು.

ಹೆಣ್ಣು ಗಂಡನನ್ನು ಬಿಡಬೇಕಾದರೆ ಐವರ ಮುಂದೆ ಅವನ ತಪ್ಪು ಹೇಳಬೇಕು. ಮೂರು ಸಲ ಕೇಳುತ್ತಾರೆ. ಹೇಳಿದರೆ ಬಿಡುಗಡೆ, ಮನಸ್ಸಿದ್ದವನ ಜೊತೆ ಉಡಿಕಿ ಮಾಡಿಕೊಂಡು ಇನ್ನೊಂದು ಸಂಸಾರ ಹೂಡಬಹುದು. ಹೇಳದಿದ್ದರೆ ಗಂಡನ ಹಿಂದೆಯೇ ನಡೆಯಬೇಕು. ಮತ್ತೆ ಆ ಕಟ್ಟೆ ಹತ್ತುವಂತಿಲ್ಲ.

"ಕುಡಿತಾನೇನು?"

"ಇಲ್ರಿ ಯಪ್ಪಾ."

"ಬಡಿತಾನೇನು?"

"ಒಂದು ದಿನಾನೂ ಕೈ ಎತ್ತಿಲ್ರಿ."

"ಮತ್ತ ಹೊಟ್ಟಿ ತುಂಬ ರೊಟ್ಟಿ ಹಾಕತಾನಂತ ಬ್ಯಾಡೇನು?"

ಕಟ್ಟೆಯ ಮೇಲೆ ನಗೆ ಎದ್ದಿತು. ಹೊಸ್ತಿಲಲ್ಲಿ ನಿಂತಿದ್ದ ಅಯ್ಯಣ್ಣನ ಹೆಂಡತಿ ಯಮನಮ್ಮ, "ನನಗ ಇಂಥಾ ಗಂಡ ಸಿಕ್ಕಿದ್ರ ದಿನಾ ಕಾಲು ಒತ್ತತಿದ್ದೆ ನೋಡು. ಇಲ್ಲಿ ಕುಂತಾನಲ್ಲ, ಇಂವನ್ನ ಬಿಡಾಕ ನೂರು ಕಾರಣ ಅದಾವ," ಎಂದಳು. ಮತ್ತೆ ನಗೆ.

ಜಂಬಮ್ಮ ನಗಲಿಲ್ಲ. ಮದುವೆಯಾಗಿ ಮೂರು ವರ್ಷವಾಗಿತ್ತು. ಗಡಿಗೆಪ್ಪ ಅವಳ ಕೈ ಹಿಡಿದದ್ದು ತಲೆಯ ಮೇಲೆ ಅಕ್ಕಿಕಾಳು ಬಿದ್ದ ದಿನ ಮಾತ್ರ. ರಾಯಚೂರಿನ ಹತ್ತಿ ಗಿರಣಿಯಲ್ಲಿ ದುಡಿದು ಬರುತ್ತಿದ್ದ, ಉಣ್ಣುತ್ತಿದ್ದ, ಗೋಡೆಯ ಕಡೆ ತಿರುಗುತ್ತಿದ್ದ. ಓಣಿಯ ಹೆಂಗಸರು ಅವಳ ಹೊಟ್ಟೆ ನೋಡಿ ಮಾತಾಡುವುದನ್ನು ಬಿಟ್ಟು, ಮುಖ ನೋಡಿ ಸುಮ್ಮನಾಗುವಷ್ಟು ದಿನ ಕಳೆದಿದ್ದವು.

ಐದು ತಿಂಗಳ ಹಿಂದೆ ಮನೆ ಸಾರಿಸುವಾಗ ಜೋಳದ ಚೀಲದ ಹಿಂದೆ ಅದು ಸಿಕ್ಕಿತ್ತು. ಕೆಂಪು ಮಕಮಲ್ಲಿನ ಕರಡಿ. ತೋಳುದ್ದ, ಒಳಗೆ ಗಟ್ಟಿಯಾಗಿ ಹತ್ತಿ ತುಂಬಿದ್ದು, ಕಣ್ಣಿಗೆ ಎರಡು ಕರಿಮಣಿ. ಹೊಟ್ಟೆಯ ಮೇಲಿನ ಮಕಮಲ್ಲು ಸವೆದು ನುಣ್ಣಗಾಗಿತ್ತು. ಲಡಾಯಿ ನಡೆದು ಬಟ್ಟೆಗೆ ಕಂಟ್ರೋಲ್ ಬಂದಿದ್ದ ಕಾಲ. ಹೆಂಗಸರು ಸೀರೆಗೆ ತೇಪೆ ಹಾಕಿ ಉಡುತ್ತಿದ್ದರು. ಅಂಥದರಲ್ಲಿ ಮಕಮಲ್ಲು! ಅವಳಿಗೆ ಹೊಳೆದದ್ದು ಒಂದೇ: ಯಾರೋ ಮಾಟ ಮಾಡಿಸಿ ಗೊಂಬೆ ಇಟ್ಟಿದ್ದಾರೆ, ನನ್ನ ಒಡಲು ಕಟ್ಟಿದ್ದಾರೆ.

ಬುಟ್ಟಿಯಲ್ಲಿ ಮುಚ್ಚಿಕೊಂಡು ಚೀಕಲಪರ್ವಿಗೆ ಹೋದಳು. ಮಾಟ ತೆಗೆಯುವ ಮೂಕಮ್ಮ ಕುಡುಗೋಲಿನಿಂದ ಅದರ ಹೊಟ್ಟೆ ಸೀಳಿ, ಮೊಳೆಯಿದೆಯೇ, ಕೂದಲಿದೆಯೇ ಎಂದು ಹತ್ತಿಯನ್ನೆಲ್ಲ ಹಿಂಜಿ ನೋಡಿದಳು.

"ಇದರಾಗ ಏನೂ ಇಲ್ಲಲ್ಲ ತಂಗಿ," ಎಂದಳು, ತಾನೇ ಸೋತವಳ ಹಾಗೆ. ಆದರೂ ಹೊಳೆಗೆ ಎಸೆದಳು.

ಗಡಿಗೆಪ್ಪ ಚೀಲಗಳನ್ನೆಲ್ಲ ಎಳೆದಾಡಿ ಹುಡುಕಿದ. ಅವಳು ಇದ್ದದ್ದು ಹೇಳಿದಳು. ಅವನು ಗೋಡೆಗೆ ಮುಖ ಮಾಡಿ ಕುಕ್ಕರಿಸಿದ.

"ಮಾಟ ಅಲ್ಲ ಅದು. ನಾನೇ ಹೊಲಿದದ್ದು."

"ಯಾತಕ್ಕ?"

ಉಗುರಿನಿಂದ ಗೋಡೆಯ ಮಣ್ಣು ಕೆರೆಯುತ್ತ ಹೇಳಿದ. "ಮಂದಿಗೆ ಹೆಂಗಸಿನ ಮ್ಯಾಲ ಆಗೋ ಆಸಿ ನನಗ ಅದರ ಮ್ಯಾಲ ಆಗತದ. ನಿನ್ನ ಹತ್ರ ಬಂದ್ರ ಮೈ ತಣ್ಣಗ ಆಗತದ. ನೀ ಕೆಟ್ಟಾಕಿ ಅಂತಲ್ಲ. ಉಪಾಸ ಮಾಡೀನಿ. ದೇವಸುಗೂರಿಗೆ ಬರಿಗಾಲಿಲೆ ನಡದೀನಿ. ಹೋಗವಲ್ದು."

"ಹಂಗಾರ ನನ್ನ ಯಾಕ ಮಾಡಕೊಂಡಿ?"

"ಲಗ್ನ ಆದ್ರ ಎಲ್ಲಾ ಸರಿ ಆಗತದ ಅಂದ್ಲು ಅವ್ವ. ಏನು ಅಂತ ಆಕಿಗಿ ಗೊತ್ತಿರಲಿಲ್ಲ. ಏನೋ ಅದ ಅಂತ ಗೊತ್ತಿತ್ತು."

ಅವನು ಉಣ್ಣುವುದನ್ನು ಬಿಟ್ಟ. ಗಿರಣಿಗೂ ಹೋಗಲಿಲ್ಲ. ನಾಲ್ಕನೇ ದಿನ ಜಂಬಮ್ಮ ತನ್ನ ಮದುವೆಯ ಕುಪ್ಪಸದ ಹೊಲಿಗೆ ಬಿಚ್ಚಿದಳು. ಅದೂ ಮಕಮಲ್ಲಿನದೇ. ಕತ್ತರಿಸಿ, ಹೊಲಿದು, ತಲೆದಿಂಬಿನ ಹತ್ತಿ ತುಂಬಿ ಒಂದು ಕರಡಿ ಮಾಡಿ ಅವನ ಮುಂದೆ ಇಟ್ಟಳು. ತಿಳಿದುಕೊಂಡೆನೆಂದು ಹೇಳಲು ಅವಳಿಗೆ ಬೇರೆ ದಾರಿ ತೋಚಲಿಲ್ಲ. ಹೀಗಾದರೂ ಒಂದು ದಿನ ತನ್ನ ಕಡೆ ತಿರುಗಿಯಾನು ಎಂಬುದೊಂದು ಆಸೆಯೂ ಇತ್ತು. ಗಡಿಗೆಪ್ಪ ಅದನ್ನು ಎತ್ತಿಕೊಂಡ. ಬೆರಳು ಮಕಮಲ್ಲಿನ ಮೇಲೆ ಹರಿಯುತ್ತಿದ್ದಂತೆ ಅವನ ಮುಖ ಮೆತ್ತಗಾಯಿತು. ಮೂರು ವರ್ಷದಲ್ಲಿ ಅವಳು ಕಾಣದ ಮುಖ. ಅವಳು ಎದ್ದು ಹೊರಗೆ ಬಂದು ರೊಟ್ಟಿ ಬಡಿಯಲು ಕೂತಳು. ಮರುದಿನ ತಂದೆಗೆ ಹೇಳಿ ಕಳಿಸಿದಳು.

ಹೇಳಿಬಿಡಬೇಕೆಂದೇ ದೇವದುರ್ಗಕ್ಕೆ ಬಂದಿದ್ದಳು. ಆದರೆ ಬೆಳಿಗ್ಗೆ ನೀರಿಗೆ ಹೋದಾಗ ಯಮನಮ್ಮ ಹೇಳಿದ ಸುದ್ದಿ ಬಾಯಿ ಕಟ್ಟಿತ್ತು. ಹೋದ ವರ್ಷ ಯಾರದೋ ಮನೆಯಲ್ಲಿ ಅರಿವೆಯ ಗೊಂಬೆ ಸಿಕ್ಕಿತೆಂದು, ಮಾಟಗಾರನೆಂದು, ಈ ಐವರೇ ಅವನ ಮುಂದಿನ ಹಲ್ಲು ಮುರಿಸಿದ್ದರಂತೆ. ಮಂತ್ರ ಬಾಯಿಗೆ ಬರಬಾರದೆಂದು. ಕರಡಿಯನ್ನು ಕಂಡು ತಾನೂ ಮಾಟವೆಂದೇ ತಿಳಿದವಳು. ಇವರು ಬೇರೇನು ತಿಳಿದಾರು?

"ಮೂರನೇ ಸಲ," ಎಂದ ಅಯ್ಯಣ್ಣ. ಈಗ ಯಾರೂ ನಗಲಿಲ್ಲ.

"ಹೇಳವ್ವಾ," ಮುದುಕಪ್ಪ ಕೈ ಮುಗಿದ. "ನಿನ್ನ ಕಾಲು ಬೀಳತೀನಿ, ಅದೇನು ಹೇಳು. ಸಿಂಧನೂರಾಗ ಒಳ್ಳೇ ಮನಿ ನೋಡೀನಿ."

ಗಡಿಗೆಪ್ಪ ತಲೆ ಎತ್ತಿದ. "ಹೇಳಿಬಿಡು ಜಂಬಿ," ಎಂದ. "ನಂದು ಆಗಿದ್ದು ಆಗಲಿ."

ಅವನ ಹಲ್ಲು ಬೆಳ್ಳಗೆ, ಸಾಲಾಗಿ ಇದ್ದವು. ಅವನ ಬಾಯನ್ನು ಅವಳು ಎಂದೂ ಇಷ್ಟು ನೆಟ್ಟಗೆ ನೋಡಿರಲಿಲ್ಲ.

"ಏನೂ ಇಲ್ರಿ ಯಪ್ಪಾ," ಎಂದಳು ಜಂಬಮ್ಮ. "ಅವರದು ಏನೂ ತಪ್ಪಿಲ್ಲ."

ಅಯ್ಯಣ್ಣ ಟವಲ್ ಝಾಡಿಸಿ ಎದ್ದ. "ಮತ್ತ ನಮ್ಮ ಹೊತ್ಯಾಕ ಹಾಳು ಮಾಡಿದಿ? ನಡಿ, ಗಂಡನ ಹಿಂದ ನಡಿ." ಮುದುಕಪ್ಪ ಮಗಳ ಮುಖ ನೋಡದೆ ಮಾನವಿಯ ದಾರಿ ಹಿಡಿದ.

ರಾಯಚೂರಿನ ಮೋಟರಿನಲ್ಲಿ ಹಿಂದಿನ ಬೆಂಚು ಖಾಲಿಯಿತ್ತು. ಅವಳು ಒಂದು ತುದಿಗೆ ಕೂತಳು, ಅವನು ಇನ್ನೊಂದು ತುದಿಗೆ. ದಾರಿಯಲ್ಲಿ ಕೈ ಮಾಡಿ ನಿಲ್ಲಿಸಿ ಒಬ್ಬ ಮುದುಕಿ ಹತ್ತಿದಳು.

"ಅಯ್ಯ ನನ್ನವ್ವಾ, ಎಷ್ಟು ಜಾಗ ಅದ ಇಲ್ಲಿ!" ಎನ್ನುತ್ತ ಇಬ್ಬರ ನಡುವೆ ಕೂತು, ಬುಟ್ಟಿಯನ್ನು ಕಾಲ ಬಳಿ ಇಟ್ಟು, ಸ್ವಲ್ಪ ಹೊತ್ತಿಗೇ ನಿದ್ದೆ ಹೋದಳು. ಕುಲುಕಾಟಕ್ಕೆ ಅವಳ ತಲೆ ಒಮ್ಮೆ ಜಂಬಮ್ಮನ ಭುಜಕ್ಕೆ, ಒಮ್ಮೆ ಗಡಿಗೆಪ್ಪನ ಭುಜಕ್ಕೆ ವಾಲುತ್ತಿತ್ತು. ಇಬ್ಬರೂ ಅಲ್ಲಾಡದೆ ಕೂತಿದ್ದರು.