ಡಿಗ್ರಿಗೆ ಬೆಲೆ ಕಟ್ಟಿದ ಬೆರಳು

ನಾನು ಒಂದು ಕನ್ನಡಿ. ಆದರೆ ಮುಖ ನೋಡಿಕೊಳ್ಳಲೆಂದು ಹುಟ್ಟಿದ ಕನ್ನಡಿಯಲ್ಲ.

ಪ್ರಯೋಗಶಾಲೆಯ ಸಾಮಾನು ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಬಡಗಿಯೊಬ್ಬ ಮರದ ಹಲಗೆಯನ್ನು ನುಣುಪು ಮಾಡಿ, ಅದರ ತುದಿಯಲ್ಲಿ ನನ್ನನ್ನು ನೆಟ್ಟಗೆ ನಿಲ್ಲಿಸಿದ. ಹಲಗೆಯ ಮೇಲೆ ಒಂದು ನಕ್ಷತ್ರದ ಚಿತ್ರ, ಅದರ ಮೇಲೆ ತಗಡಿನ ಮರೆ. ಎದುರಿಗೆ ಕೂತವರಿಗೆ ತಮ್ಮ ಕೈ ನೇರವಾಗಿ ಕಾಣಬಾರದು. ನನ್ನೊಳಗೆ ಮಾತ್ರ ಕಾಣಬೇಕು. ಹಾಗೆ ನನ್ನನ್ನೇ ನೋಡುತ್ತ, ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲು ಓಡಿಸಬೇಕು.

ಕೇಳಲು ಸುಲಭ. ಆದರೆ ಪೆನ್ಸಿಲನ್ನು ಹತ್ತಿರಕ್ಕೆ ಎಳೆದರೆ ನನ್ನಲ್ಲಿ ಅದು ದೂರ ಸರಿಯುತ್ತದೆ. ಕಣ್ಣು ಒಂದು ಹೇಳುತ್ತದೆ, ಕೈ ಇನ್ನೊಂದು ಮಾಡುತ್ತದೆ. ಮೂಲೆ ಬಂದ ಕೂಡಲೇ ಎಂಥ ಜಾಣರ ಕೈಯೂ ಗಾಣದ ಎತ್ತಿನಂತೆ ಅಲ್ಲಲ್ಲೇ ಸುತ್ತತೊಡಗುತ್ತದೆ.

ಹಾವೇರಿಯ ಒಂದು ಕಾಲೇಜಿನ ಮನಃಶಾಸ್ತ್ರ ವಿಭಾಗಕ್ಕೆ ನಾನು ಬಂದೆ. ವರ್ಷ ವರ್ಷವೂ ಹುಡುಗಿಯರು ನನ್ನ ಮುಂದೆ ಕೂತರು, ತಪ್ಪಿದರು, ನಕ್ಕರು, ಮತ್ತೆ ಕೂತರು. ಬರೆಯುತ್ತ ಬರೆಯುತ್ತ ಕೈ ದಾರಿ ಕಲಿಯುತ್ತಿತ್ತು. ಅದರಲ್ಲಿ ನನಗೆ ಸೋಜಿಗವಿರಲಿಲ್ಲ. ಸೋಜಿಗವೆಂದರೆ, ಬಲಗೈಯಲ್ಲಿ ಕಲಿತವರು ಆಮೇಲೆ ಎಡಗೈಯಲ್ಲಿ ಪೆನ್ಸಿಲು ಹಿಡಿದರೆ ಅದಕ್ಕೂ ದಾರಿ ಅರ್ಧ ಗೊತ್ತಿರುತ್ತಿತ್ತು. ಎಡಗೈ ಒಮ್ಮೆಯೂ ಅಭ್ಯಾಸ ಮಾಡಿದ್ದಿಲ್ಲ. ಅದಕ್ಕೆ ಹೇಳಿಕೊಟ್ಟವರು ಯಾರು? ಕೈಗಳೆರಡರ ಹಿಂದೆ, ಕಾಣದ ಒಂದೆಡೆ, ಯಾರೋ ಕೂತು, ಕಲಿತದ್ದನ್ನು ಎರಡಕ್ಕೂ ಹಂಚುತ್ತಿದ್ದರು. ಆ ಎಡೆ ಯಾವುದೆಂದು ತಿಳಿಯುವುದೇ ಇಲ್ಲಿನ ಓದು ಎಂದು ಮಂದಾಕಿನಿ ಮೇಡಂ ಪ್ರತಿ ವರ್ಷ ಹೇಳುತ್ತಿದ್ದರು.

ಆ ಮಾತನ್ನು ಬಾಯಿ ಬಿಟ್ಟುಕೊಂಡು ಆಲಿಸಿದ ವಿದ್ಯಾರ್ಥಿನಿ ದಾಕ್ಷಾಯಣಿ. ಅವಳ ಅಪ್ಪ ಉಡಚಪ್ಪ ದನದ ಸಂತೆಯ ದಲ್ಲಾಳಿ. ಒಂದು ದಿನ ಆತ ನೇರ ಪ್ರಯೋಗಶಾಲೆಗೇ ಬಂದ, ಹೆಗಲ ಮೇಲೆ ಟವೆಲ್ಲು.

"ಮೇಡಂರಿ, ನಮ್ಮ ಹುಡುಗಿ ಹೆಸರ ತಗದಬಿಡ್ರಿ. ಇದನ್ನ ಕಲತ್ರ ಏನ್ ಬರತೈತಿ? ನಮ್ಮೂರಾಗ ಹುಚ್ಚರೇನ್ ಅಷ್ಟ ಮಂದಿ ಇಲ್ಲ."

"ಕೂಡ್ರಿ ಯಜಮಾನ್ರ," ಎಂದರು ಮೇಡಂ. "ಹೆಸರು ಆಮೇಲೆ ತೆಗೆಯೋಣ. ಮೊದಲು ಈ ನಕ್ಷತ್ರ ಬರೀರಿ."

ಉಡಚಪ್ಪ ನಗುತ್ತ ಕೂತ. ಸಂತೆಯಲ್ಲಿ ಅವನ ಬಲಗೈಗೆ ಹೆಸರಿತ್ತು. ಅಲ್ಲಿ ವ್ಯಾಪಾರ ಬಾಯಿಂದಲ್ಲ. ಟವೆಲ್ಲಿನ ಕೆಳಗೆ ಕೈ ಹಿಡಿದು. ಎಷ್ಟು ಬೆರಳು ಹಿಡಿದರೆ ಅಷ್ಟು ಅಂಕಿ. ಅದು ನೂರೋ ಸಾವಿರವೋ ಎಂಬುದನ್ನು ದನ ನೋಡಿಯೇ ಇಬ್ಬರೂ ತಿಳಿಯಬೇಕು. ಬರೀ ಅಂಗೈ ಇಟ್ಟರೆ ಬೆಲೆ ಇನ್ನೂ ಕಟ್ಟಿಲ್ಲ ಎಂದರ್ಥ. ಮಾತು ಮುಗಿದ ಮೇಲೆ ಕೈ ಬಿಡಬೇಕು. ಹಾಗೆ ಕತ್ತಲಲ್ಲೇ ದುಡಿದ ಕೈ ಅದು. ಆದರೆ ನನ್ನೆದುರು ಮೊದಲ ಮೂಲೆಯಲ್ಲೇ ಸಿಕ್ಕಿಕೊಂಡಿತು. ಎಳೆದ, ಒತ್ತಿದ, ಪೆನ್ಸಿಲಿನ ಮೊನೆ ಮುರಿದ.

"ಏ ಇವನ! ಈ ಕನ್ನಡಿ ಸುಳ್ಳ ಹೇಳತೈತಿ!"

"ಕನ್ನಡಿ ಅಲ್ಲ ಅಪ್ಪಾ," ಎಂದಳು ದಾಕ್ಷಾಯಣಿ. "ಕಣ್ಣಿಗೂ ಕೈಗೂ ಜಗಳ ಹತ್ತೈತಿ. ಅದನ್ನ ಬಗೆಹರಸಾಂವ ತಲಿಯೊಳಗ ಅದಾನು. ನಾ ಓದೂದು ಅವನನ್ನ."

ಉಡಚಪ್ಪ ಮುರಿದ ಪೆನ್ಸಿಲು ಕೆಳಗಿಟ್ಟ. ಆಮೇಲೆ ಟವೆಲ್ಲಿನ ಬದಲು ನನ್ನ ಮರೆಯ ಕೆಳಗೇ ಕೈ ಚಾಚಿದ. "ಆತು. ಹಿಡಿ. ಈ ಡಿಗ್ರಿಗೆ ಪ್ಯಾಟ್ಯಾಗ ಏನ್ ಬೆಲಿ?"

ಮೇಡಂಗೆ ಕಾಣಲಿಲ್ಲ. ಮರೆಯ ಕೆಳಗಿದ್ದುದರಿಂದ ನನಗೆ ಕಂಡಿತು. ದಾಕ್ಷಾಯಣಿ ಒಂದು ಬೆರಳನ್ನೂ ಹಿಡಿಯಲಿಲ್ಲ. ಅಂಗೈ ಮಾತ್ರ ಇಟ್ಟಳು.

"ಭಾಳ ಶಾಣ್ಯಾಕಿ ಅದೀ," ಎಂದ ಉಡಚಪ್ಪ ಎದ್ದು. "ಬೆಲಿ ಕಟ್ಟೂ ತನಕ ಓದು. ಕಟ್ಟಿದ ದಿವಸ ನನಗ ಹೇಳಬೇಕ ಮತ್ತ."

ಅಂದಿನಿಂದ ಆ ಬೆಲೆ ದಾಕ್ಷಾಯಣಿಯ ಬೆನ್ನು ಹತ್ತಿತು. ಪದವಿ ಮುಗಿಸಿ ಕೆಲಸ ಹುಡುಕಿದಳು. ಶಾಲೆಯವರು ಆಪ್ತಸಲಹೆಗೆ ಎಂ.ಎ. ಬೇಕೆಂದರು. ಸೀರೆ ಅಂಗಡಿಯವರು, ಗಿರಾಕಿಗಳ ಮನಸ್ಸು ತಿಳಿಯುವವರು ಬೇಕು, ಬಾ ಎಂದರು. ಆರು ತಿಂಗಳು ಸೀರೆ ಮಡಚಿದಳು. ಕೊನೆಗೆ ಲಕ್ವಾ ಹೊಡೆದವರಿಗೆ ಮತ್ತೆ ಕೈಕಾಲು ಆಡಿಸುವುದನ್ನು ಕಲಿಸುವ ಒಂದು ಕೇಂದ್ರದಲ್ಲಿ ಸಹಾಯಕಿಯಾದಳು. ಇದನ್ನೆಲ್ಲ ನಾನು ಕೇಳಿದ್ದು ಅವಳು ಮೇಡಂ ಬಳಿ ಹೇಳಿಕೊಳ್ಳಲು ಬಂದಾಗ. ಆ ವರ್ಷವೇ ಸೇರುವವರಿಲ್ಲದೆ ವಿಭಾಗ ಮುಚ್ಚಿತ್ತು. ನನ್ನನ್ನು ಗುಜರಿಯವನ ಮೂಟೆಯ ಪಕ್ಕ ಇಟ್ಟಿದ್ದರು.

"ಇದನ್ನ ನನಗ ಕೊಡ್ರಿ ಮೇಡಂ," ಎಂದಳು ಅವಳು.

ಹೀಗೆ ನಾನು ಉಡಚಪ್ಪನ ಮನೆ ಸೇರಿದೆ.

"ಓದೂ ಮುಗೀತು, ಓದಿದ್ದ ಸಾಮಾನೂ ಮನಿಗೆ ಬಂತು," ಎಂದು ಅವನು ನಕ್ಕ. "ಏನವಾ, ಪಗಾರ ಎಷ್ಟ ಅಂದಿ? ಒಂಬತ್ತ ಸಾವಿರ? ನಮ್ಮ ಎಮ್ಮಿ ಡಿಗ್ರಿ ಇಲ್ಲದ ಇದಕ್ಕಿಂತ ಹೆಚ್ಚ ದುಡೀತೈತಿ!"

ದಾಕ್ಷಾಯಣಿಯೂ ನಕ್ಕಳು. ಆದರೆ ತಟ್ಟೆಯ ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದಳು.

ಉಡಚಪ್ಪ ಮರೆಯ ತಗಡು ಕಿತ್ತು, ನನ್ನನ್ನು ಕಿಟಕಿಯಲ್ಲಿಟ್ಟು, ಗಡ್ಡ ಹೆರೆಯುವ ಕನ್ನಡಿ ಮಾಡಿಕೊಂಡ. ನಕ್ಷತ್ರದ ಮೇಲೆ ಸಾಬೂನಿನ ಬಟ್ಟಲು. ನನಗೆ ಬೇಸರವಾಗಲಿಲ್ಲ, ಮುಖವೂ ಒಂದು ಓದೇ.

ಒಂದು ಸಂತೆಯ ದಿನ ಬೆಳಗ್ಗೆ ಅವನು ಅರ್ಧ ಗಡ್ಡ ಹೆರೆದಿದ್ದ. ಇದ್ದಕ್ಕಿದ್ದಂತೆ ಬಲಗೈಯಿಂದ ರೇಜರು ಜಾರಿ ಬಟ್ಟಲಿಗೆ ಬಿತ್ತು. ನನ್ನೊಳಗೆ ಅವನ ತುಟಿಯ ಒಂದು ಬದಿ ಕೆಳಗೆ ಇಳಿದಿತ್ತು. ಅವನು ನನ್ನನ್ನು ದಿಟ್ಟಿಸಿ ತೊದಲಿದ:

"ದಾಕ್ಷೀ... ನಿನ್ನ ಕನ್ನಡಿ ಮತ್ತ ಸುಳ್ಳ ಹೇಳಾಕತ್ತೈತಿ ನೋಡು. ನನ್ನ ಮಾರಿ ಸೊಟ್ಟ ತೋರಸತೈತಿ."

ನನಗೆ ಬಾಯಿ ಇದ್ದಿದ್ದರೆ ಕೂಗುತ್ತಿದ್ದೆ. ಜೀವನದಲ್ಲಿ ಒಮ್ಮೆ ನಾನು ನಿಜವನ್ನೇ ತೋರಿಸುತ್ತಿದ್ದೆ.

ದಾಕ್ಷಾಯಣಿ ಓಡಿ ಬಂದಳು. "ಅಪ್ಪಾ, ನನ್ನ ನೋಡಿ ನಗು. ಎರಡೂ ಕೈ ಎತ್ತು." ಎಡಗೈ ಎದ್ದಿತು. ಬಲಗೈ ತೊಡೆಯ ಮೇಲೇ ಉಳಿಯಿತು.

"ಪಿತ್ತ ಏರಿದ್ದೀತು," ಎಂದು ಅವಳ ಅವ್ವ ಲಿಂಬೆ ಶರಬತ್ತು ತಂದಳು. "ಕುಡದು ಸ್ವಲ್ಪ ಮಲಗಲಿ."

"ಏನೂ ಕುಡಸಬ್ಯಾಡ! ಮಲಗಸಾಕೂ ಬ್ಯಾಡ. ಇದು ಲಕ್ವಾ ಬೇ. ತಡಾ ಮಾಡಿದಷ್ಟೂ ತಲಿ ಸಾಯತೈತಿ. ಗಾಡಿ ಕರಿ!"

ಅರ್ಧ ಗಡ್ಡದಲ್ಲೇ ಅವನನ್ನು ಕರೆದೊಯ್ದರು. ಮನೆಗೆ ಮರಳಿದಾಗ ಜೀವವಿತ್ತು, ಮಾತು ತುಸು ಎಳೆಯುತ್ತಿತ್ತು, ನಡಿಗೆ ಬಂದಿತ್ತು. ಬೇಗ ತಂದಿದ್ದಕ್ಕೆ ಇಷ್ಟು ಉಳಿಯಿತು ಎಂದು ವೈದ್ಯರು ಹೇಳಿದರಂತೆ. ಆದರೆ ಬಲಗೈ ಬರಲಿಲ್ಲ. ದಲ್ಲಾಳಿಗೆ ಅದೊಂದೇ ಬಂಡವಾಳ. ಸಂತೆಯ ಗೆಳೆಯರು ಬಂದರೆ ಅವನು ಆ ಕೈಯನ್ನು ಟವೆಲ್ಲಿನಿಂದ ಮುಚ್ಚಿಕೊಳ್ಳುತ್ತಿದ್ದ.

ಆಗ ದಾಕ್ಷಾಯಣಿ, ಕೇಂದ್ರದ ಚಿಕಿತ್ಸಕರನ್ನು ಕೇಳಿಕೊಂಡು, ನನ್ನನ್ನು ಕಿಟಕಿಯಿಂದ ಇಳಿಸಿ ಒರೆಸಿದಳು. ಈ ಸಲ ಎದುರಿಗಿಡಲಿಲ್ಲ. ತುದಿಯಿಂದ ಕಳಚಿ, ಅಡ್ಡ ತಿರುಗಿಸಿ, ಹಲಗೆಯ ಮೇಲೇ ಅಪ್ಪನ ಎರಡು ಕೈಗಳ ನಡುವೆ ನಿಲ್ಲಿಸಿದಳು. ಬಲಗೈ ನನ್ನ ಬೆನ್ನ ಹಿಂದೆ, ನಕ್ಷತ್ರದ ಮೇಲೆ; ಎಡಗೈ ನನ್ನ ಮುಂದೆ.

"ಕನ್ನಡಿಯೊಳಗ ನೋಡು. ಎಡಗೈ ಮಡಚು, ಬಿಚ್ಚು."

ಉಡಚಪ್ಪ ನೋಡಿದ. ನನ್ನೊಳಗೆ ಅವನ ಬಲಗೈ ಮಡಚಿತು, ಬಿಚ್ಚಿತು. ಅವನು ನನ್ನತ್ತ ಬಾಗಿದ.

"ಏ... ಇದು ಸುಳ್ಳಲಾ?"

"ಸುಳ್ಳ. ಆದ್ರ ತಲಿಯೊಳಗಿನಾಂವ ಅದನ್ನ ನಂಬಿ, ಮರತ ದಾರಿ ಹುಡಕಬಹುದು. ಎಲ್ಲಾರಿಗೂ ಬರತೈತಿ ಅಂತ ಹೇಳಾಕ ಬರೂದಿಲ್ಲ. ದಿನಾ ಮಾಡೂನು."

ದಿನವೂ ಮಾಡಿದರು. ನನ್ನ ಮುಂದೆ ಆಡುವ ಕೈ, ಬೆನ್ನ ಹಿಂದೆ ಸತ್ತಂತೆ ಬಿದ್ದ ಕೈ. ಎರಡನ್ನೂ ಬಲ್ಲವನು ನಾನೊಬ್ಬನೇ. ಎಷ್ಟೋ ದಿನ ಬೆನ್ನ ಹಿಂದೆ ಏನೂ ಆಗಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಹಲಗೆ ಸಣ್ಣಗೆ ಕೆರೆದ ಸದ್ದು. ತೋರುಬೆರಳಿನ ಉಗುರು ನಕ್ಷತ್ರದ ಗೆರೆಯ ಮೇಲೆ ಎಳ್ಳಿನಷ್ಟು ಸರಿದಿತ್ತು. ಬಲಗೈ ಕಲಿತದ್ದು ಎಡಗೈಗೆ ತಲುಪುವುದನ್ನು ನಾನು ಎಷ್ಟೋ ಸಲ ಕಂಡಿದ್ದೆ. ಈಗ ಎಡಗೈ ಬಲಗೈಯ ಋಣ ತೀರಿಸುತ್ತಿತ್ತು.

ಈಗ ನನಗೆ ವಯಸ್ಸಾಗಿದೆ. ಅಂಚಿನಲ್ಲಿ ಪಾದರಸ ಉದುರಿದೆ. ಉಡಚಪ್ಪ ಸಂತೆಗೆ ಹೋಗಿ ಕೂರುತ್ತಾನೆ; ವ್ಯಾಪಾರ ಎಡಗೈಯಲ್ಲಿ, ಬಲಗೈ ಲೋಟ ಹಿಡಿಯುವಷ್ಟು ಮಾತ್ರ ಬಂದಿದೆ. ದಾಕ್ಷಾಯಣಿಯ ಪಗಾರ ಹೆಚ್ಚೇನೂ ಏರಿಲ್ಲ. ಎಮ್ಮೆ ಇನ್ನೂ ಮುಂದಿದೆ. ಕಿಟಕಿಯ ಮೂಲೆಯಲ್ಲಿ ಕೂತು ನಾನು ನೆನೆಯುವುದು ಮಾತ್ರ ಬೆರಳುಗಳು ಮಡಚಲು ಬಂದ ಆ ದಿನವನ್ನು.

ಅಂದು ದಾಕ್ಷಾಯಣಿ ನನ್ನ ಬೆನ್ನ ಹಿಂದೆ ಕೈ ಚಾಚಿದಳು. "ಅಪ್ಪಾ, ಅವತ್ತ ನೀ ಕೇಳಿದ್ದಿ, ನನಗ ಹೇಳಾಕ ಬರಲಿಲ್ಲ. ಈಗ ನೀನ ಹೇಳು. ನನ್ನ ಡಿಗ್ರಿಗೆ ಏನ್ ಬೆಲಿ?"

ಅವನ ಬಲಗೈ ತಡಕಾಡಿತು. ಅವಳ ಒಂದು ಬೆರಳನ್ನು ಸುತ್ತಿಕೊಂಡಿತು.

"ಒಂದ? ಒಂದು ಅಂದ್ರ ಸಾವಿರನೋ, ಲಕ್ಷನೋ?"

"ಒಂದು," ಎಂದ ಅವನು ಎಳೆದೆಳೆದು. "ಮುಂದಿನ ಸೊನ್ನಿ... ನಿನಗ ಬೇಕಾದಷ್ಟ... ನೀನ ಹಚ್ಚಿಕೋ."

ಸಂತೆಯ ಪದ್ಧತಿಯಲ್ಲಿ, ಮಾತು ಮುಗಿದ ಮೇಲೆ ಕೈ ಬಿಡಬೇಕು. ಉಡಚಪ್ಪ ಬಿಡಲಿಲ್ಲ. ಆ ಕೈಗೆ ಬಿಡಲು ಇನ್ನೂ ಬರುತ್ತಿರಲಿಲ್ಲವೋ, ಅವನಿಗೆ ಮನಸ್ಸಿರಲಿಲ್ಲವೋ, ಅಷ್ಟು ಹತ್ತಿರವಿದ್ದ ನನಗೂ ತಿಳಿಯಲಿಲ್ಲ.