ಆರಿಂಚಿನ ಮೊಳೆ

ಬಡಗಿಯ ಮೊದಲ ಪಾಠ ಡೊಂಕಾದ ಮೊಳೆಯನ್ನು ಬಡಿದು ನೆಟ್ಟಗೆ ಮಾಡುವುದು. ಮೂವತ್ತು ವರ್ಷ ಅದನ್ನೇ ಮಾಡಿದ ನಾನು ಐವತ್ತರ ಹತ್ತಿರ ಬಂದಮೇಲೆ ನೆಟ್ಟಗಿದ್ದ ಮೊಳೆಯನ್ನು ಬರಿಗೈಯಲ್ಲಿ ಡೊಂಕು ಮಾಡಲು ಕೂತೆ ಎಂದರೆ ತಲೆ ಕೆಟ್ಟಿದೆ ಎನ್ನುತ್ತಾರೆ. ಅನ್ನಲಿ. ಅನ್ನುವುದಕ್ಕಾದರೂ ಯಾರಾದರೂ ಬೇಕಲ್ಲ, ನನ್ನ ಕೋಣೆಗೆ ಯಾರೂ ಬರುತ್ತಿರಲಿಲ್ಲ.

ಇದಕ್ಕೆಲ್ಲ ಕಾರಣ ನಮ್ಮಣ್ಣ. ಇಬ್ಬರೂ ಸೇರಿ ಬಾಗಿಲು, ಚೌಕಟ್ಟು ಮಾಡುವ ಶೆಡ್ ನಡೆಸುತ್ತಿದ್ದೆವು. ಅವನು ಗಿರಾಕಿಗಳ ಮುಂದೆ ಆರಿಂಚಿನ ಮೊಳೆಗೆ ಬಟ್ಟೆ ಸುತ್ತಿ, ಗದ್ದದ ಕೆಳಗೆ ಹಿಡಿದು, ಮಾತಾಡುತ್ತಲೇ ಮಡಚಿ ಅವರ ಕೈಗಿಡುತ್ತಿದ್ದ. ಅದಕ್ಕೇ ಅವನಿಗೆ ಇಕ್ಕಳ ಎಂದು ಹೆಸರು. ನನಗೆ ಉಳಿ ಎಂದು. ಅದು ಕೈ ನೋಡಿ ಇಟ್ಟದ್ದಲ್ಲ, ನಾಲಿಗೆ ನೋಡಿ ಇಟ್ಟದ್ದು. ಒಂದು ದಿನ ಗಿರಾಕಿಯ ಎದುರಿಗೇ, ನೀನು ಮಾಡಿದ ಚೌಕಟ್ಟು ಮೂಲೆಮಟ್ಟಕ್ಕೆ ಕೂತಿಲ್ಲ ಎಂದುಬಿಟ್ಟೆ. ಕೂತಿರಲಿಲ್ಲ, ನಿಜವೇ. ಹಾಗೆಂದು ಮೂರು ಸಲ ಹೇಳಬೇಕಾಗಿರಲಿಲ್ಲ. ಗಿರಾಕಿ ಹೋದಮೇಲೆ ಅಣ್ಣ ಕೈಯಲ್ಲಿದ್ದ ಮೊಳೆಯನ್ನು ಬೆಂಚಿನ ಮೇಲೆ ಕುಕ್ಕಿ, ಮರ ಕೊಯ್ಯುವ ಯಂತ್ರದ ಗದ್ದಲದ ನಡುವೆ ಕೂಗಿದ. ನನಗೆ ಕೇಳಿಸಿದ್ದು ಇಷ್ಟು:

"ಮೊದ್ಲು ಬಗ್ಸೋದು ಕಲಿ. ಆಮೇಲೆ ಈ ಬಾಗಿಲಿಗೆ ಬಾ."

ಮೊಳೆಯನ್ನು ಜೇಬಿಗಿಳಿಸಿ ಹೊರಬಿದ್ದೆ. ದರ್ಜಿಯ ಅಂಗಡಿಯ ಮೇಲೊಂದು ಕೋಣೆ, ಕುರ್ಚಿ ಕಾರ್ಖಾನೆಯಲ್ಲೊಂದು ಕೆಲಸ ಸಿಕ್ಕಿತು. ಒಂಬತ್ತು ತಿಂಗಳು ಮುಖ ಊದಿಸಿಕೊಂಡೇ ಕಳೆದೆ. ಮದುವೆಯಾಗದ ನನಗೆ ಮನೆ ಎಂದರೆ ಆ ಶೆಡ್ಡೇ ಆಗಿತ್ತು. ಹೊರಗೆ ಬಿದ್ದಮೇಲೆ ಅದು ಗೊತ್ತಾಯಿತು. ರಜೆಯ ದಿನ ಬೆಳಗ್ಗೆಯಿಂದ ಬಾಯಿ ತೆರೆಯದೆ ಕೂತು, ದನಿ ಇದೆಯೋ ಇಲ್ಲವೋ ಎಂದು ಕೆಮ್ಮಿ ನೋಡಿದ್ದೂ ಉಂಟು. ನನಗೆ ಆ ಬಾಗಿಲು ಬೇಕಿತ್ತು. ತಪ್ಪಾಯಿತು ಅನ್ನು ಎಂದಿದ್ದರೆ ಜನ್ಮದಲ್ಲಿ ಹೋಗುತ್ತಿರಲಿಲ್ಲ. ಅವನು ಕೇಳಿದ್ದು ಮೊಳೆ ಬಗ್ಗಿಸುವುದನ್ನು ತಾನೇ, ಅದೇನು ಮಹಾ ಎಂದುಕೊಂಡೆ.

ಮೊದಲ ದಿನವೇ ಜಾಣತನ ತೋರಿಸಿದೆ. ಅಷ್ಟೇ ದಪ್ಪದ ಇನ್ನೊಂದು ಮೊಳೆ ತಂದು ಗರಗಸದಲ್ಲಿ ನಾಲ್ಕಿಂಚಿಗೆ ತುಂಡು ಮಾಡಿದೆ, ಗಿಡ್ಡದ್ದರಿಂದ ಶುರುಮಾಡಿ ಉದ್ದದ್ದಕ್ಕೆ ಹೋಗೋಣ ಎಂದು. ಎರಡು ವಾರ ಜಪ್ಪಯ್ಯ ಎಂದರೂ ಅದು ಮಿಸುಕಲಿಲ್ಲ. ಅಂಗೈ ಮಾತ್ರ ಕಪ್ಪಿಟ್ಟಿತು. ಮೊಳೆ ಕೀಳಬೇಕಾದರೆ ಉದ್ದ ಹಿಡಿಯ ಸುತ್ತಿಗೆಯನ್ನೇ ಹುಡುಕುವ ಬಡಗಿಗೆ, ಉದ್ದದ್ದೇ ಸುಲಭ, ಗಿಡ್ಡದ್ದೇ ಕಷ್ಟ ಎಂಬುದು ಹೊಳೆಯಲಿಲ್ಲ ನೋಡಿ. ಆಮೇಲೆ ಉದ್ದನೆಯ ತೆಳು ಮೊಳೆಗಳನ್ನು ತಂದೆ. ಎರಡು ತುದಿಗೂ ದಪ್ಪ ಬಟ್ಟೆ ಸುತ್ತಿ, ಗದ್ದದ ಕೆಳಗೆ ಹಿಡಿದು, ಮೊಣಕೈ ಮೇಲೆತ್ತಿ ತುದಿಗಳನ್ನು ಕೆಳಕ್ಕೆ ಒತ್ತಬೇಕು. ನಡು ಒಮ್ಮೆ ಸೋತರೆ ಮಿಕ್ಕದ್ದು ದಾರಿಗೆ ಬರುತ್ತದೆ. ವಾರಕ್ಕೆ ಎರಡೇ ದಿನ ಈ ಕಸರತ್ತು, ಉಳಿದ ದಿನ ಮಣಿಕಟ್ಟಿಗೆ ರಜೆ. ಇದನ್ನು ನೋವೇ ಕಲಿಸಿತು, ಹೇಳಿಕೊಡಲು ಬೇರೆ ಯಾರಿದ್ದರು?

ಸುತ್ತುವ ಬಟ್ಟೆಯ ಚೂರು ಕೊಡುತ್ತಿದ್ದವನು ಕೆಳಗಿನ ದರ್ಜಿ. ನಾನು ತಿಣುಕುವ ಸದ್ದು ಕೇಳಿಸಿಕೊಂಡು, ಒಂದು ದಿನ ಮೆಟ್ಟಿಲ ಮೇಲೆ ತಡೆದು, ಹೊಟ್ಟೆ ಸಡಿಲವಾಗಲು ಒಳ್ಳೆಯ ಮಾತ್ರೆಯಿದೆ ಎಂದು ಗುಟ್ಟಾಗಿ ಹೇಳಿದ. ಬೇಡ ಎಂದೆ. ನಿಜ ಹೇಳಿದ್ದರೆ ಮೇಲೆ ಬಂದು ನೋಡುತ್ತಿದ್ದನೇನೋ. ನಾನು ಹೇಳಲಿಲ್ಲ.

ಐದು ತಿಂಗಳಲ್ಲಿ ಒಂದು ಡಬ್ಬಿಯ ತುಂಬ ತೆಳು ಮೊಳೆಗಳು ಮಡಚಿ ಬಿದ್ದವು. ಅಣ್ಣನ ಮೊಳೆ ಮಾತ್ರ ನೆಟ್ಟಗೇ ಇತ್ತು. ಆಗ ಒಂದು ಭಾನುವಾರ ಅತ್ತಿಗೆ ಬಂದರು. ಅಣ್ಣನಿಗೆ ಲಕ್ವ ಹೊಡೆದು ಎರಡು ತಿಂಗಳಾಗಿದೆ, ನಿನಗೆ ತಿಳಿಸಕೂಡದೆಂದು ಹಟ ಹಿಡಿದಿದ್ದಾರೆ, ನಾನೇ ತಡೆಯಲಾರದೆ ಬಂದೆ ಎಂದರು. ಮೇಜಿನ ಮೇಲಿದ್ದ ಡಬ್ಬಿಯನ್ನು ನೋಡಿ ಇದೇನು ಎಂದು ಕೇಳಿದರು. ಅಣ್ಣ ಹೇಳಿದ್ದನ್ನೇ ಮಾಡುತ್ತಿದ್ದೇನೆ, ಮೊಳೆ ಬಗ್ಗಿಸದೆ ಹೇಗೆ ಬರಲಿ ಎಂದೆ. ಅವರು ನನ್ನ ಕಪ್ಪಿಟ್ಟ ಅಂಗೈಯನ್ನು ಬಹಳ ಹೊತ್ತು ನೋಡಿದರು.

"ಬಗ್ಸೋದು ಅನ್ಲಿಲ್ಲ ಕಣೋ ಅವ್ರು. ಬಗ್ಗೋದು ಕಲಿ ಅಂದ್ರು. ನಾನು ಅಲ್ಲೇ ಇದ್ದೆ."

ಒಂದಕ್ಷರದ ವ್ಯತ್ಯಾಸ. ಬಗ್ಗುವುದು ನನ್ನ ಜಾಯಮಾನಕ್ಕೆ ಒಗ್ಗದ ಮಾತು, ಹಾಗಾಗಿ ಕಿವಿ ತನಗೆ ಬೇಕಾದ್ದನ್ನು ಕೇಳಿಸಿಕೊಂಡಿತ್ತು.

ಅತ್ತಿಗೆ ಹೋದಮೇಲೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ನನಗೇ ಗೊತ್ತಿರಲಿಲ್ಲ. ಅಣ್ಣನ ಮೊಳೆ ತೆಗೆದುಕೊಂಡು, ಬಟ್ಟೆ ಸುತ್ತಿ, ಹಲ್ಲು ಕಚ್ಚಿ ಒತ್ತಿದೆ. ನಡು ಸೋತಿತು. ಬಿಡದೆ ಒತ್ತಿ ಎರಡು ತುದಿಗಳನ್ನೂ ಹತ್ತಿರ ತಂದೆ. ಬಗ್ಗಿದ ಜಾಗ ಬಿಸಿಯಾಗಿತ್ತು, ಕಬ್ಬಿಣ ಬಗ್ಗುವಾಗ ಹಾಗೆ ಬಿಸಿಯಾಗುತ್ತದೆ. ಅದನ್ನು ಮುಷ್ಟಿಯಲ್ಲಿ ಹಿಡಿದು ಕೋಣೆಯ ನಡುವೆ ನಿಂತೆ. ತೋರಿಸಲು ಯಾರೂ ಇರಲಿಲ್ಲ, ದರ್ಜಿಯ ಅಂಗಡಿಗೂ ಅವತ್ತು ರಜೆ. ಬಿಸಿ ಆರುತ್ತಾ ಬಂದಂತೆ ನನಗೆ ಅಳು ಬಂತು. ಬಗ್ಸೋದೋ ಬಗ್ಗೋದೋ, ಇದನ್ನು ಅವನ ಮುಂದೆ ಇಟ್ಟೇ ತೀರುತ್ತೇನೆ ಎಂದು ಹೊರಟೆ.

ಅಣ್ಣ ಶೆಡ್ಡಿನ ಬಾಗಿಲಲ್ಲಿ ಕುರ್ಚಿಯ ಮೇಲೆ ಕೂತಿದ್ದ. ಅತ್ತಿಗೆ ಲೋಟ ಹಿಡಿದು ನೀರು ಕುಡಿಸುತ್ತಿದ್ದರು. ಬಲಗೈ ಯಾರೋ ಮರೆತು ಹೋದ ವಸ್ತುವಿನ ಹಾಗೆ ತೊಡೆಯ ಮೇಲೆ ಬಿದ್ದಿತ್ತು. ಇಕ್ಕಳ ಎನ್ನಿಸಿಕೊಂಡವನ ಕೈ ಅದು. ಅತ್ತಿಗೆ ಎಲ್ಲ ಹೇಳಿಬಿಟ್ಟಿದ್ದಾರೆಂದು ಅವನ ಕಣ್ಣಿನಲ್ಲೇ ತಿಳಿಯಿತು. ಸೊಟ್ಟಗಾದ ಬಾಯಿಯಲ್ಲಿ ಏನೋ ಅಂದ, ಕೇಳಿಸಲಿಲ್ಲ. ಬಗ್ಗಿ ಅವನ ಬಾಯಿಯ ಹತ್ತಿರ ಕಿವಿ ಇಟ್ಟೆ.

"ಮೊಳೆ ಬಗ್ತಾ?"

ಜೇಬಿನಲ್ಲಿದ್ದ ನನ್ನ ಕೈಗೆ ಮೊಳೆ ಸಿಕ್ಕಿತ್ತು. ಅದನ್ನು ಅಲ್ಲೇ ಬಿಟ್ಟೆ.

"ಇಲ್ಲ ಅಣ್ಣ. ನನ್ನ ಕೈಲಿ ಆಗ್ಲಿಲ್ಲ."

ಜೀವಮಾನದಲ್ಲಿ ಆ ಮಾತನ್ನು ಯಾರ ಮುಂದೆಯೂ ಆಡಿದವನಲ್ಲ ನಾನು. ಅಣ್ಣನ ಮುಖದ ಅರ್ಧಭಾಗ ನಕ್ಕಿತು. ಎಡಗೈಯಿಂದ ಪಕ್ಕದ ಸ್ಟೂಲು ತೋರಿಸಿದ. ಒಂದೊಂದೇ ಮಾತನ್ನು ಹೆಕ್ಕಿ ಹೇಳಿದ:

"ಗಿಡ್ಡದ್ದು ಹಿಡ್ದಿರ್ತೀಯ, ದಡ್ಡ. ಉದ್ದದ್ದು ತಗೋಬೇಕು. ನಾಳೆ ಬಾ, ಹೇಳ್ಕೊಡ್ತೀನಿ."

ಸರಿ ಅಣ್ಣ ಎಂದು ಕೂತೆ. ಜೇಬಿನ ಮೊಳೆ ತೊಡೆಗೆ ಚುಚ್ಚುತ್ತಿತ್ತು. ಅವನಿಗೆ ಗೊತ್ತಾಗದಿರಲೆಂದು ಅಲುಗಾಡದೆ ಕೂತಿದ್ದೆ.