ನಿರ್ದೇಶಕರ ಬಕಲ್ಲು

೨೦೧೭ರ ಮಾರ್ಚ್ ೨೧, ಮಂಗಳವಾರ, ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ಗಾಳಿ ತೆಗೆದ ಗಾಜಿನ ಪೀಪಾಯಿಯೊಳಗೆ ಉಯ್ಯಾಲೆಯಂತೆ ತೂಗುಬಿಟ್ಟಿದ್ದ ಎಂಜಿನ್ನನ್ನು ಮುಂದಿನಿಂದ ನೋಡಲು ಪ್ರಯೋಗಶಾಲೆಯ ನಿರ್ದೇಶಕರು ಬಗ್ಗಿದರು. ನೂಕುಬಲ ತೋರಿಸುವ ಪರದೆಯಲ್ಲಿ ಅಂಕಿ ಸೊನ್ನೆಯಿಂದ ತೊಂಬತ್ತಕ್ಕೆ ಹಾರಿತು.

"ನೋಡಿದ್ಯೇನಮ್ಮಾ! ನನ್ನ ಕಾಲ್ಗುಣ!"

ವಿಜ್ಞಾನಿ ಬೆವೆತಳು. ಲೋಟದಷ್ಟಿದ್ದ ಆ ಎಂಜಿನ್ನು ಅವಳ ಆರು ವರ್ಷದ ದುಡಿಮೆ. ಅನಿಲವನ್ನು ಕಾಯಿಸಿ ಪ್ಲಾಸ್ಮಾ ಮಾಡಿ, ತಂತಿಸುರುಳಿಯ ಕಾಂತಕ್ಷೇತ್ರದಿಂದ ಹಿಂದಕ್ಕೆ ಚಿಮ್ಮಿಸಿದರೆ ಎಂಜಿನ್ನು ಮುಂದಕ್ಕೆ ವಾಲಬೇಕು; ಎಷ್ಟು ವಾಲಿತೋ ಪರದೆಯಲ್ಲಿ ಅಷ್ಟು ಅಂಕಿ. ನಾಲ್ಕು ಮಿಲಿನ್ಯೂಟನ್ ದಾಟಿದರೆ ಉಪಗ್ರಹದಲ್ಲಿ ಜಾಗ. ಇಲ್ಲವಾದರೆ ಈ ಕೋಣೆ ಮುರಿದ ಕುರ್ಚಿಗಳ ಗೋದಾಮು. ತೀರ್ಮಾನ ನಿರ್ದೇಶಕರದು. ತೊಂಬತ್ತೇನೋ ಬಂದಿದೆ, ಆದರೆ ಅವಳಿನ್ನೂ ಅನಿಲವನ್ನೇ ಬಿಟ್ಟಿರಲಿಲ್ಲ! ಸುರುಳಿಗೆ ಮಾತ್ರ ಕರೆಂಟು ಹರಿಯುತ್ತಿತ್ತು.

ನಿರ್ದೇಶಕರು ಹಿಂದೆ ಸರಿದರು: ಸೊನ್ನೆ. ಬಗ್ಗಿದರು: ತೊಂಬತ್ತು.

"ನನ್ನ ಕಂಡ್ರೆ ಓಡಿಬರುತ್ತೆ, ಪಾಪ," ಎಂದು ಹಿಗ್ಗಿದರು. "ತಾ, ಸಹಿ ಹಾಕ್ಬಿಡ್ತೀನಿ."

ಗಾಳಿ ತೆಗೆಯುವ ಪಂಪು ನೋಡಿಕೊಳ್ಳುವ, ಎಲ್ಲರೂ ಅಣ್ಣ ಎಂದೇ ಕರೆಯುವ ಕೆಲಸಗಾರ ಅವಳ ಕಿವಿಯಲ್ಲಿ ಉಸುರಿದ: "ಸುಮ್ನಿರಮ್ಮ ತಂಗಿ. ಕೈಗೆ ಬಂದ ತುತ್ತು ಚೆಲ್ಕೋಬೇಡ."

ತುತ್ತೇನೋ ನಿಜ. ಆದರೆ ನಾಳೆ ಬಾಹ್ಯಾಕಾಶದಲ್ಲಿ ಉಪಗ್ರಹದ ಮುಂದೆ ಬಗ್ಗಿ ನಿಲ್ಲಲು ನಿರ್ದೇಶಕರನ್ನು ಎಲ್ಲಿಂದ ತರುವುದು?

"ಸಾರ್, ಅದು ಕಾಲ್ಗುಣ ಅಲ್ಲ, ಸೊಂಟದ್ದು," ಎಂದಳು. "ನಿಮ್ಮ ಕಬ್ಬಿಣದ ಬಕಲ್ಲನ್ನ ಸುರುಳಿ ಎಳೀತಿದೆ. ಬೆಲ್ಟು... ಬಿಚ್ಚಬೇಕು."

ಅಂಗೈಯಗಲದ ಆ ಬಕಲ್ಲು ಅವರು ಹಗ್ಗಜಗ್ಗಾಟದಲ್ಲಿ ಗೆದ್ದದ್ದು. ಅವರ ಮುಖ ಕುಂಬಳಕಾಯಿಯಂತೆ ಊದಿತು.

"ಬಿಚ್ಚಿದ್ರೆ ಪ್ಯಾಂಟಿನ ಗತಿ?"

"ಕೈಲಿ ಹಿಡ್ಕೊಳ್ಳಿ ಸಾರ್," ಎಂದ ಅಣ್ಣ. "ನಾವು ಎಂಜಿನ್ನೇ ನೋಡ್ತಿರ್ತೀವಿ."

ಬೆಲ್ಟು ಆಚೆ ಕೋಣೆ ಸೇರಿತು. ನಿರ್ದೇಶಕರು ಎರಡೂ ಕೈಯಲ್ಲಿ ಮಾನ ಹಿಡಿದುಕೊಂಡು ಬಗ್ಗಿದರು. ಸೊನ್ನೆ.

ಅವಳು ಅನಿಲ ಬಿಟ್ಟಳು. ನೇರಳೆ ಬೆಳಕು ಬಾಲದಂತೆ ಹಿಂದಕ್ಕೆ ಚಿಮ್ಮಿತು. ಅಂಕಿ ಎರಡಾಯಿತು, ಮೂರಾಯಿತು, ಅಲ್ಲೇ ಮುನಿಸಿಕೊಂಡು ಕೂತಿತು. ಅವಳು ಸುರುಳಿಯ ಕರೆಂಟು ಏರಿಸಿದಳು.

"ಬಾರೋ ರಾಜಾ," ಎಂದು ನಿರ್ದೇಶಕರು ಎಂಜಿನ್ನನ್ನು ಪುಸಲಾಯಿಸಿದರು. ಅಂಕಿ ಏರಿತು. ಚಪ್ಪಾಳೆ ತಟ್ಟಲು ಕೈಯೆತ್ತಿದವರು ಸೊಂಟಕ್ಕೆ ಗಾಳಿ ಸೋಕಿದ್ದೇ ಹಾರಿಬಿದ್ದು ಮತ್ತೆ ಪ್ಯಾಂಟು ಹಿಡಿದರು.

"ಸಹಿ ಹಾಕ್ತೀನಿ ಮಾರಾಯ್ತಿ, ಮೊದ್ಲು ಬೆಲ್ಟು ತರ್ಸು!"

ನೂಕುಬಲ: ೪.೩ ಮಿಲಿನ್ಯೂಟನ್.